ಕೈಗೆ ಬಂದ ಕೆಲಸ, ಬಾಕಿಯಿರುವ ಸಂದರ್ಶನ

ಒಂದು ಸಂಸ್ಥೆಯ ನೇಮಕಾತಿ ಪತ್ರ ಕೈಯಲ್ಲಿದ್ದು, ಇನ್ನೊಂದರ ಸಂದರ್ಶನ ಬಾಕಿಯಿರುವಾಗ ಏಳುವ ಪ್ರಶ್ನೆ ಸಂಬಳದ ಲೆಕ್ಕದಲ್ಲಿ ಮುಗಿಯುವುದಿಲ್ಲ. ಕೊಟ್ಟ ಮಾತಿಗೆ ಎಷ್ಟು ಬೆಲೆ, ಆಸೆಗೆ ಎಲ್ಲಿ ಮಿತಿ ಎಂಬ ಧರ್ಮವಿಚಾರವೂ ಅದರಲ್ಲಿದೆ.

ಫಲದ ಹಂಬಲ ಬಿಡಬೇಕೆಂಬ ಭಗವದ್ಗೀತೆಯ ಬೋಧನೆಯನ್ನು ಸಿಕ್ಕಿದ್ದಕ್ಕೆ ತೃಪ್ತರಾಗಿ ಎಂಬ ಅಪ್ಪಣೆಯಾಗಿ ಓದುವುದು ತಪ್ಪು. 18ನೆಯ ಅಧ್ಯಾಯದಲ್ಲಿ ಬೋಧನೆಯ ಕೊನೆಯ ಭಾಗಕ್ಕೆ ಬಂದ ಕೃಷ್ಣನು, ಚೆನ್ನಾಗಿ ವಿಮರ್ಶಿಸಿ ನಿರ್ಧರಿಸುವ ಹೊಣೆಯನ್ನು ಅರ್ಜುನನಿಗೇ ಬಿಡುತ್ತಾನೆ.

12ನೆಯ ಶತಮಾನದ ಶರಣರು ಇನ್ನೂ ಹತ್ತಿರದ ಮಾತು ಆಡಿದ್ದಾರೆ. ಆಯ್ದಕ್ಕಿ ಮಾರಯ್ಯ ಕಲ್ಯಾಣದಲ್ಲಿ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಅದನ್ನು ಅಲ್ಲಿಯೇ ಸುರಿದು ಬರುವಂತೆ ಹೆಂಡತಿ ಲಕ್ಕಮ್ಮ ಹೇಳಿದ ಕಥೆ ಪ್ರಸಿದ್ಧ. ಒಳ್ಳೆಯ ಕೆಲಸ ಹುಡುಕುವುದನ್ನು ಈ ಕಥೆ ಖಂಡಿಸುವುದಿಲ್ಲ. ಬೇಡದ್ದನ್ನು ಹಿಡಿದಿಟ್ಟುಕೊಳ್ಳುವುದನ್ನು ಪ್ರಶ್ನಿಸುತ್ತದೆ. ಸೇರುವ ಮನಸ್ಸಿಲ್ಲದೆ ಒಪ್ಪಿಗೆ ಬರೆದುಕೊಟ್ಟವರು ಆ ಜಾಗಕ್ಕೆ ಕಾದಿರುವ ಇನ್ನೊಬ್ಬರ ಅನ್ನಕ್ಕೆ ಅಡ್ಡ ನಿಂತಂತೆ. ಇದು ಸಣ್ಣ ತಪ್ಪಲ್ಲ.

ಆದ್ದರಿಂದ ಒಪ್ಪುವ ಮುನ್ನವೇ ಕಾಲಾವಕಾಶ ಕೇಳುವುದು, ಇನ್ನೊಂದು ಸಂದರ್ಶನವಿದೆ ಎಂದು ತಿಳಿಸುವುದು ನೇರ ದಾರಿ. ಅದರಲ್ಲಿ ಅಪಾಯವೂ ಇದೆ: 1872ರ ಭಾರತೀಯ ಕರಾರು ಕಾಯಿದೆಯ ಪ್ರಕಾರ, ಒಪ್ಪಿಗೆ ಪೂರ್ಣವಾಗುವವರೆಗೆ ಪ್ರಸ್ತಾಪ ಮುಂದಿಟ್ಟವರು ಅದನ್ನು ಹಿಂದೆಗೆದುಕೊಳ್ಳಬಹುದು. ಸಾಲ ತೀರಿಸಬೇಕಾದ, ಮನೆಮಂದಿಯನ್ನು ಸಾಕಬೇಕಾದ ವ್ಯಕ್ತಿಗೆ ಆ ಅಪಾಯ ಭಾರವಾದದ್ದು. ಅಂಥವರು ಮೊದಲ ಕೆಲಸವನ್ನೇ ಮನಸಾರೆ ಒಪ್ಪಿ, ಬಾಕಿಯಿದ್ದ ಸಂದರ್ಶನಕ್ಕೆ ಬರಲಾಗದೆಂದು ಕೂಡಲೇ ತಿಳಿಸುವುದರಲ್ಲಿ ಯಾವ ಸೋಲೂ ಇಲ್ಲ.