ನಿವೃತ್ತ ಯೋಧನ ಧರ್ಮ: ಮನೆಯೋ, ಮಂದಿಯೋ?

ರಣರಂಗದಲ್ಲಿ ಯೋಧನ ಕರ್ತವ್ಯವೇನೆಂಬುದು ಬಹುಮಟ್ಟಿಗೆ ಸ್ಪಷ್ಟ. ಮೇಲಿನವರ ಆಜ್ಞೆಯಿದೆ, ಎದುರಿಗೆ ಶತ್ರುವಿದ್ದಾನೆ, ಪಕ್ಕದಲ್ಲಿ ಸಂಗಾತಿಯಿದ್ದಾನೆ. ಆದರೆ ಸಮವಸ್ತ್ರ ಕಳಚಿಟ್ಟ ಮೇಲೆ? ನಮ್ಮ ಸೇನೆಯ ಜವಾನರಲ್ಲಿ ಅನೇಕರು ಹದಿನೈದು ಹದಿನೇಳು ವರ್ಷ ಸೇವೆ ಸಲ್ಲಿಸಿ, ನಲವತ್ತರ ಆಸುಪಾಸಿನಲ್ಲಿಯೇ ಪಿಂಚಣಿ ಪಡೆದು ಮನೆಗೆ ಮರಳುತ್ತಾರೆ. ಬೇರೆ ನೌಕರಿಯಲ್ಲಿರುವವರಿಗೆ ಅದು ಬಡ್ತಿಯ ವಯಸ್ಸು. ಮಕ್ಕಳು ಇನ್ನೂ ಶಾಲೆಯಲ್ಲಿರುತ್ತಾರೆ, ಹೆತ್ತವರು ಮುದುಕರಾಗಿರುತ್ತಾರೆ. ಅರ್ಧ ಆಯುಷ್ಯ ಮುಂದಿದೆ. ಈ ಅರ್ಧ ಯಾರ ಪಾಲು? ಇಷ್ಟು ವರ್ಷ ದಾರಿ ಕಾಯ್ದ ಮನೆಯವರದೋ, ಸೇವೆಯ ಶಿಸ್ತನ್ನು ಕಲಿತವನಿಂದ ಸೇವೆಯನ್ನೇ ನಿರೀಕ್ಷಿಸುವ ಸಮಾಜದ್ದೋ?

ಕೇರಳದಲ್ಲಿ ನೆಲೆಸಿರುವ ನಮಗೆ ಇದು ದೂರದ ಪ್ರಶ್ನೆಯಲ್ಲ. ಕೊಚ್ಚಿ ದಕ್ಷಿಣ ನೌಕಾ ಕಮಾಂಡಿನ ಕೇಂದ್ರ. ತಿರುವನಂತಪುರದ ಪಾಂಗೋಡು ಸೇನಾನೆಲೆ. ತಿರುವಿತಾಂಕೂರಿನ ನಾಯರ್ ಪಡೆಯೂ ಮೈಸೂರಿನ ಪದಾತಿದಳವೂ ಸಂಸ್ಥಾನಗಳ ವಿಲೀನದ ಬಳಿಕ ಒಂದೇ ಮದ್ರಾಸ್ ರೆಜಿಮೆಂಟಿನಲ್ಲಿ ಸೇರಿಹೋದವು. ಇನ್ನು ನಾವು, ಬೆಂಗಳೂರಿನಲ್ಲಿ ಹುಟ್ಟಿದ ಎಚ್.ಎಂ.ಟಿ.ಯಂತಹ ಕಾರ್ಖಾನೆ ಕಳಮಶ್ಶೇರಿಗೆ ಬಂದಂತೆ, ಬ್ಯಾಂಕು, ಕಚೇರಿ, ಕಾರ್ಖಾನೆಗಳ ಕೆಲಸ ಹಿಡಿದು ಇಲ್ಲಿಗೆ ಬಂದವರು. ಸೈನಿಕನಂತೆ ನಾವೂ ಊರು ಬಿಟ್ಟವರೇ. ಮನೆಗೆಷ್ಟು, ಸಂಘಕ್ಕೆಷ್ಟು ಎಂಬ ಲೆಕ್ಕ ನಮ್ಮನ್ನೂ ಕಾಡುತ್ತದೆ.

ಈ ಪ್ರಶ್ನೆಯನ್ನು ವಿಚಾರ ಮಾಡುವಾಗ ನಮ್ಮ ಕೊಡಗಿನ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಬಾಳು ನೆನಪಿಗೆ ಬರುತ್ತದೆ. 1949ರ ಜನವರಿ 15ರಂದು ಅವರು ಸ್ವತಂತ್ರ ಭಾರತದ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದರು. ಆ ದಿನವೇ ಇಂದಿಗೂ ಸೇನಾ ದಿನ. 1953ರಲ್ಲಿ ನಿವೃತ್ತರಾದ ಮೇಲೆ 1956ರವರೆಗೆ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನಲ್ಲಿ ಭಾರತದ ಹೈಕಮಿಷನರ್ ಆಗಿದ್ದರು. 1964ರಲ್ಲಿ ಮಾಜಿ ಸೈನಿಕರನ್ನು ಒಂದುಗೂಡಿಸಲು ಅಖಿಲ ಭಾರತ ಮಟ್ಟದ ಸಂಘ ಕಟ್ಟುವಲ್ಲಿ ಮುಂದಾದರು. 1993ರಲ್ಲಿ ತೀರಿಕೊಳ್ಳುವವರೆಗೂ ಜವಾನರ ಕ್ಷೇಮಚಿಂತನೆಯನ್ನು ಅವರು ಬಿಡಲಿಲ್ಲ.

ಅವರ ಬಾಳಿನಲ್ಲಿ ಮನೆಯೂ ಮಂದಿಯೂ ಎದುರುಬದುರಾಗಿ ನಿಂತ ಗಳಿಗೆಯೊಂದು ಬಂತು. 1965ರ ಯುದ್ಧ. ಸೆಪ್ಟೆಂಬರ್ 22ರಂದು, ಕದನವಿರಾಮಕ್ಕೆ ಇನ್ನು ಗಂಟೆಗಳಷ್ಟೇ ಉಳಿದಿದ್ದಾಗ, ವಾಯುಪಡೆಯಲ್ಲಿದ್ದ ಅವರ ಮಗ ನಂದಾ ಕಾರ್ಯಪ್ಪನವರ ಹಂಟರ್ ವಿಮಾನ ಉರುಳಿತು. ಅವರು ಗಾಯಗೊಂಡು ಸೆರೆಯಾದರು. ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನರು ವಿಭಜನೆಗೆ ಮುಂಚಿನ ಸೇನೆಯಲ್ಲಿ ಕಾರ್ಯಪ್ಪನವರನ್ನು ಬಲ್ಲವರು. ಮಗನನ್ನು ಬಿಟ್ಟುಕೊಡುವ ಇಂಗಿತವನ್ನು ತಿಳಿಸಿದರು. ಅಲ್ಲಿ ಸೆರೆಯಲ್ಲಿರುವವರೆಲ್ಲರೂ ತಮ್ಮ ಮಕ್ಕಳೇ, ಒಬ್ಬನಿಗೆ ಮಾತ್ರ ವಿಶೇಷ ಬೇಡ ಎಂಬುದು ತಂದೆಯ ಉತ್ತರವಾಯಿತು. ನಂದಾ ಅವರು ಮಿಕ್ಕ ಕೈದಿಗಳಂತೆಯೇ ಕಾಯ್ದು, ತಾಷ್ಕೆಂಟ್ ಒಪ್ಪಂದವಾದ ಬಳಿಕ, 1966ರ ಜನವರಿಯಲ್ಲಿ ಬಿಡುಗಡೆ ಹೊಂದಿದರು.

ಈ ಕಥೆಯನ್ನು ಹೇಳುವವರೆಲ್ಲ ತಲೆದೂಗುತ್ತಾರೆ. ಆದರೆ ತಲೆದೂಗಿದರೆ ಸಾಲದು, ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ಒಬ್ಬ ಮಗ ಮೊದಲೇ ಮನೆಗೆ ಬಂದಿದ್ದರೆ ಉಳಿದ ಕೈದಿಗಳಿಗೆ ಆಗುತ್ತಿದ್ದ ನಷ್ಟವೇನು? ಅವರ ಅನ್ನ ಕಡಿಮೆಯಾಗುತ್ತಿರಲಿಲ್ಲ, ಸೆರೆವಾಸ ಹೆಚ್ಚುತ್ತಿರಲಿಲ್ಲ. ಹಾಗಿದ್ದ ಮೇಲೆ ಗಾಯಗೊಂಡ ಮಗನನ್ನು ಪರರಲ್ಲಿ ಬಿಡುವುದು ಬರಿಯ ಹಟವಲ್ಲವೇ?

ಅಲ್ಲವೆಂದು ನಮಗೆ ತೋರುತ್ತದೆ. ದಂಡನಾಯಕನಾದವನು ಇನ್ನೊಬ್ಬರ ಮಕ್ಕಳನ್ನು ಸಾವಿನ ಬಾಯಿಗೆ ಕಳುಹಿಸುತ್ತಾನೆ. ಆ ಅಧಿಕಾರ ಧರ್ಮಸಮ್ಮತವಾಗುವುದು, ತನ್ನ ಮಗನೂ ಅದೇ ಸಾಲಿನಲ್ಲಿ ನಿಲ್ಲುತ್ತಾನೆಂಬ ನಂಬಿಕೆಯ ಮೇಲೆ. ಮಗನೊಬ್ಬ ಮುಂಚೆ ಬಂದಿದ್ದರೆ, ಹಳ್ಳಿಯಲ್ಲಿ ಕಾಯುತ್ತಿದ್ದ ತಾಯಂದಿರಿಗೆ ಮಕ್ಕಳಲ್ಲಿ ಎರಡು ಜಾತಿಯೆಂಬುದು ತಿಳಿದುಹೋಗುತ್ತಿತ್ತು. ಆ ನಂಬಿಕೆ ಮುರಿದರೆ ಮತ್ತೆ ಕೂಡಿಸಲು ಯಾವ ಸೇನೆಗೂ ಸಾಧ್ಯವಿಲ್ಲ. ಕಾರ್ಯಪ್ಪನವರು ಬೇಡವೆಂದದ್ದು ರಿಯಾಯಿತಿಯನ್ನು. ಮಗನ ಮೇಲಿನ ಮಮತೆಯನ್ನಲ್ಲ.

ಇನ್ನೊಂದು ಮಾತನ್ನೂ ಮರೆಯಬಾರದು. ಬೆಲೆ ತೆತ್ತವರು ತಂದೆಗಿಂತ ಹೆಚ್ಚಾಗಿ ಮಗ. ಪರರ ಕಷ್ಟದಿಂದ ನಾವು ದೊಡ್ಡವರಾಗುವುದು ಸುಲಭ. ಆದರೆ ಇಲ್ಲಿ ಮಗನೂ ಅದೇ ವ್ರತ ತೊಟ್ಟ ಅಧಿಕಾರಿ. ಮುಂದೆ ಏರ್ ಮಾರ್ಷಲ್ ಪದವಿಗೇರಿದರು. ತಂದೆಯ ಜೀವನಚರಿತ್ರೆಯನ್ನೂ ತಾವೇ ಬರೆದರು. ಸೆರೆಯಲ್ಲಿದ್ದವನು ಏನೂ ಅರಿಯದ ಬಾಲಕನಾಗಿದ್ದರೆ ನಾವು ಇದೇ ತೀರ್ಪು ಕೊಡುತ್ತಿದ್ದೆವೇ? ಪ್ರಾಯಶಃ ಇಲ್ಲ. ತ್ಯಾಗದಲ್ಲಿ ಪಾಲುದಾರನಾದವನ ಹೆಸರಿನಲ್ಲಿ ತ್ಯಾಗ ಮಾಡಬಹುದು. ಕೇಳದೆಯೇ ಹೆಂಡತಿ ಮಕ್ಕಳ ಪಾಲನ್ನು ದಾನ ಮಾಡುವ ಹಕ್ಕು ಯಾರಿಗೂ ಇಲ್ಲ.

ಹೀಗೆ ನೋಡಿದರೆ ಮೊದಲಿನ ಪ್ರಶ್ನೆಯ ಗಂಟು ಸಡಿಲವಾಗುತ್ತದೆ. ಮನೆಗೆ ಸಲ್ಲಬೇಕಾದದ್ದು ಮಮತೆ ಮತ್ತು ಹೊತ್ತು. ಸಮಾಜಕ್ಕೆ ಸಲ್ಲಬೇಕಾದದ್ದು ದುಡಿಮೆ ಮತ್ತು ಸಮದೃಷ್ಟಿ. ಸಮಾಜದ ಸೊತ್ತಾದ ನ್ಯಾಯವನ್ನು ಮನೆಯವರಿಗೆ ಹಂಚಿದಾಗ ಸ್ವಜನಪಕ್ಷಪಾತ. ಮನೆಯವರ ಸೊತ್ತಾದ ಹೊತ್ತನ್ನು ಅವರ ಒಪ್ಪಿಗೆಯಿಲ್ಲದೆ ಹೊರಗೆ ಸುರಿದಾಗ ಕೀರ್ತಿಯ ಹಂಬಲ. ಎರಡೂ ತಪ್ಪೇ. ಜವಾನನು ಗಡಿಯಲ್ಲಿದ್ದಾಗ ಹೆರಿಗೆ, ಕಾಯಿಲೆ, ಶಾಲೆಯ ಶುಲ್ಕ ಎಲ್ಲವನ್ನೂ ಒಬ್ಬಳೇ ನಿಭಾಯಿಸಿದ ಮಡದಿಯ ಸಾಲ ಮೊದಲು ತೀರಬೇಕು. ಅನಂತರ ಅವನು ನೆರೆಮನೆಯ ವಿಧವೆಗೆ ಕುಟುಂಬ ಪಿಂಚಣಿಯ ಅರ್ಜಿ ಬರೆದುಕೊಡಲಿ, ಅವಳ ಜೊತೆಗೆ ಸೈನಿಕ ಕಲ್ಯಾಣ ಕಚೇರಿಗೆ ಹೋಗಿಬರಲಿ. ಆ ಸೇವೆಗೆ ಮನೆಯವರೂ ಹರಸಿ ಕಳುಹಿಸುತ್ತಾರೆ.

ನಮ್ಮ ಸಂಘಕ್ಕೂ ಇದೇ ಅಳತೆಗೋಲು. ರಾಜ್ಯೋತ್ಸವದ ಸ್ಪರ್ಧೆಯ ಬಹುಮಾನವಿರಲಿ, ವಿದ್ಯಾರ್ಥಿವೇತನವಿರಲಿ, ವೇದಿಕೆಯ ಮುಂದಿನ ಸಾಲಿನ ಕುರ್ಚಿಯಿರಲಿ, ಪದಾಧಿಕಾರಿಯ ಮಗುವಿಗೂ ಮೊನ್ನೆ ಮೊನ್ನೆ ಊರಿಂದ ಬಂದವರ ಮಗುವಿಗೂ ಒಂದೇ ನಿಯಮವಿರಬೇಕು. ಜೊತೆಗೆ, ಸಂಘದ ಸಭೆ ರಾತ್ರಿ ಹತ್ತಾದರೂ ಮುಗಿಯದಾಗ ಮನೆಯಲ್ಲಿ ಊಟಕ್ಕೆ ಕಾಯುವವರ ನೆನಪೂ ಇರಬೇಕು.

ಇನ್ನು 'ನಮ್ಮವರು' ಎಂದರೆ ಯಾರು? 2018ರ ಆಗಸ್ಟಿನಲ್ಲಿ ಪೆರಿಯಾರ್ ಉಕ್ಕಿ ಆಲುವಾ ಸುತ್ತಿನ ಪ್ರದೇಶ ಮುಳುಗಿದಾಗ ಕೊಚ್ಚಿಯ ನೌಕಾಪಡೆಯವರು ಹೆಲಿಕಾಪ್ಟರಿನಲ್ಲಿ ಬಂದರು. ಕಡಲ ತೀರದ ಬೆಸ್ತರು ತಮ್ಮ ದೋಣಿಗಳನ್ನು ಲಾರಿಗೇರಿಸಿಕೊಂಡು ಬಂದರು. ನೀರಿನಲ್ಲಿ ನಿಂತವರ ಮಾತೃಭಾಷೆಯನ್ನು ಯಾರೂ ವಿಚಾರಿಸಲಿಲ್ಲ. ನಮಗೆ ಅನ್ನ ನೀಡಿದ ಈ ನೆಲದ ನೆರೆಯವರನ್ನು ಹೊರಗಿಟ್ಟು ಕನ್ನಡಿಗರ ಸಂಘ ಬೆಳೆಯಲಾರದು.

ಎಲ್ಲರಿಗೂ ಕಾರ್ಯಪ್ಪನವರಿಗೆ ಬಂದಂತಹ ಪರೀಕ್ಷೆ ಬರುವುದಿಲ್ಲ. ಆದರೆ ತನ್ನ ಮಗುವಿಗೆ ಕೇಳುವುದನ್ನು ಪರರ ಮಗುವಿಗೂ ಕೇಳುವೆನೇ ಎಂಬ ಪ್ರಶ್ನೆ ದಿನವೂ ನಮ್ಮ ಬಾಗಿಲಿಗೆ ಬರುತ್ತದೆ. ಅದಕ್ಕೆ ಹೌದೆನ್ನಬಲ್ಲವನ ಮನೆಯೂ ಉಳಿಯುತ್ತದೆ, ಮಂದಿಯೂ ಉಳಿಯುತ್ತಾರೆ.