ಹೊಲ ಮುಳುಗಿತು, ಋಣ ಮುಳುಗಲಿಲ್ಲ



ಬೀಳಗಿ ತಾಲ್ಲೂಕಿನ ಅನಗವಾಡಿ ಘಟಪ್ರಭೆಯ ದಂಡೆಯ ಊರು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಈ ತಾಲ್ಲೂಕಿನ ಎಷ್ಟೋ ಹೊಲಗಳನ್ನು ನುಂಗಿದೆ. ಹೊಲ ಕಳೆದುಕೊಂಡವರು ಪರಿಹಾರ ಪಡೆದು, ಪುನರ್ವಸತಿ ಕೇಂದ್ರಗಳಲ್ಲಿ ಹೊಸ ಬಾಳು ಕಟ್ಟಿಕೊಂಡಿದ್ದಾರೆ.

ಇಂಥ ಕಡೆ ಅಣ್ಣನೊಬ್ಬ, ತಮ್ಮನಿಗೆ ಸೇರಬೇಕಾದ ನಾಲ್ಕು ಗುಂಟೆಯನ್ನು ತನ್ನ ಉತಾರದಲ್ಲಿ ಸೇರಿಸಿಕೊಂಡಿದ್ದ ಎಂದುಕೊಳ್ಳಿ. ಹೊಲ ಮುಳುಗಿತು, ಪರಿಹಾರದ ಹಣ ಅಣ್ಣನ ಕೈಸೇರಿತು. ವರ್ಷಗಳ ಮೇಲೆ ಮನಸ್ಸಾಕ್ಷಿ ಚುಚ್ಚಿ ಅವನು ಪಾಪನಿವೇದನೆಗೆ ಬರುತ್ತಾನೆ. ದೇವರು ಕ್ಷಮಿಸುವರೇ? ನಿಜವಾದ ಪಶ್ಚಾತ್ತಾಪವಿದ್ದರೆ ಖಂಡಿತ ಕ್ಷಮಿಸುವರು. ಹಾಗಾದರೆ ಲೆಕ್ಕ ಮುಗಿಯಿತೇ?

ಇಲ್ಲ. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮೋಪದೇಶ ಗ್ರಂಥವು, ಪಾಪಕ್ಷಮೆ ದೊರೆತರೂ ಕದ್ದದ್ದನ್ನು ಹಿಂದಿರುಗಿಸುವ ಹೊಣೆ ಉಳಿಯುತ್ತದೆಂದು ಬೋಧಿಸುತ್ತದೆ. ಹಾಗೆಂದು ಕ್ಷಮೆಯನ್ನು ಹಣ ಕೊಟ್ಟು ಕೊಳ್ಳಬೇಕೆಂದಲ್ಲ. ಲೂಕನ ಶುಭಸಂದೇಶದ 19ನೇ ಅಧ್ಯಾಯ ನೋಡಿ. ಯೇಸುಸ್ವಾಮಿ ಮೊದಲು ಜಕ್ಕಾಯನ ಹೆಸರು ಹಿಡಿದು ಕರೆದರು, ಅವನ ಮನೆಗೆ ಹೋದರು. ಮೋಸದಿಂದ ಪಡೆದದ್ದನ್ನು ನಾಲ್ಕರಷ್ಟು ಹಿಂದಿರುಗಿಸುವೆನೆಂಬ ಮಾತು ಆಮೇಲೆ ಬಂತು. ಹಿಂದಿರುಗಿಸುವುದು ಕ್ಷಮೆಯ ಬೆಲೆಯಲ್ಲ. ಅದು ಕ್ಷಮೆಯ ಫಲ.

ಮುಳುಗಿದ ಮಣ್ಣನ್ನು ಯಾರೂ ಹಿಂದೆ ಕೊಡಲಾರರು. ಆದರೆ ಹಣ ಕೊಡಬಹುದು, ತಮ್ಮನ ಹೊಸಿಲಿಗೆ ಹೋಗಿ “ತಪ್ಪು ಮಾಡಿದೆ” ಎನ್ನಬಹುದು. ತಮ್ಮ ಕೂಡಲೇ ಅಪ್ಪಿಕೊಳ್ಳದಿರಬಹುದು. ಕ್ಷಮಿಸೆಂದು ಅವನನ್ನು ಒತ್ತಾಯಿಸುವ ಹಕ್ಕು ಅಣ್ಣನಿಗಿಲ್ಲ, ಕಾಯುವುದೂ ಪ್ರಾಯಶ್ಚಿತ್ತವೇ.

ಹೊಸ ಮನೆ ಕಟ್ಟಿದ ಮಾತ್ರಕ್ಕೆ ಹೊಸ ಬಾಳು ಆರಂಭವಾಗುವುದಿಲ್ಲ. ಪಾಪನಿವೇದನೆಗೆ ಹೋಗುವ ಮುನ್ನ ಕೇಳಿಕೊಳ್ಳೋಣ: ನನ್ನ ಉತಾರದಲ್ಲಿ ಯಾರ ಪಾಲು ಸೇರಿದೆ?