ಬಂದೂಕು ಕಾಯಬಲ್ಲದು, ಕೂಡಿಸಬಲ್ಲದೇ?

ಯುದ್ಧ ಮುಗಿದ ಊರಿಗೆ ಮೊದಲು ಬರುವವನು ಸೈನಿಕ. ಮುಚ್ಚಿದ ರಸ್ತೆ ತೆರೆಯುವವನು, ಸಂತೆಗೆ ಕಾವಲು ನಿಲ್ಲುವವನು, ಓಡಿಹೋದವರಿಗೆ ಮರಳಿ ಬರುವ ಧೈರ್ಯ ಕೊಡುವವನು ಅವನೇ. ಆದರೆ ಒಡೆದುಹೋದ ನೆರೆಹೊರೆಯನ್ನು ಮತ್ತೆ ಕೂಡಿಸುವ ಕೆಲಸ ಅವನಿಂದ ಸಾಧ್ಯವೇ? ಉತ್ತರ ಹುಡುಕಲು ನಾವು ಬೋಸ್ನಿಯಾಕ್ಕೋ ಇರಾಕಿಗೋ ಹೋಗಬೇಕಿಲ್ಲ. ನಮ್ಮದೇ ಹುಮನಾಬಾದ್, ಬಸವಕಲ್ಯಾಣ ಸೀಮೆಯ 1948ರ ಚರಿತ್ರೆ ಸಾಕು.

ಆಗ ಈ ಸೀಮೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಬಸವಕಲ್ಯಾಣವನ್ನು ಕಲ್ಯಾಣಿ ಎನ್ನುತ್ತಿದ್ದರು. ಖಾಸಿಂ ರಜ್ವಿಯ ರಜಾಕಾರರು ಹಳ್ಳಿಗಳ ನಿದ್ದೆ ಕೆಡಿಸಿದ್ದರು. 1948ರ ಮೇ ತಿಂಗಳಲ್ಲಿ ಬಸವಕಲ್ಯಾಣದ ಬಳಿಯ ಗೋರ್ಟಾ ಗ್ರಾಮದ ಮೇಲೆ ಅವರು ನಡೆಸಿದ ದಾಳಿಯಲ್ಲಿ ಇನ್ನೂರರಷ್ಟು ಜನ ಹತರಾದರೆಂದು ಊರಿನ ನೆನಪು ಹೇಳುತ್ತದೆ. ಇದನ್ನು ಮುಸ್ಲಿಮರಾದ ನಾವು ಯಾವ 'ಆದರೆ'ಯನ್ನೂ ಸೇರಿಸದೆ ಖಂಡಿಸಬೇಕು. ಅಂದು ಖಂಡಿಸಿದ ಮುಸ್ಲಿಮರೂ ಇದ್ದರು. 'ಇಮ್ರೋಜ್' ಪತ್ರಿಕೆಯ ಸಂಪಾದಕ ಶುಐಬುಲ್ಲಾ ಖಾನ್ ರಜಾಕಾರರ ವಿರುದ್ಧ ಬರೆದುದಕ್ಕಾಗಿ ಅದೇ ವರ್ಷದ ಆಗಸ್ಟಿನಲ್ಲಿ ಹೈದರಾಬಾದಿನಲ್ಲಿ ಪ್ರಾಣ ತೆತ್ತರು.

ಸೆಪ್ಟೆಂಬರ್ 13ರಂದು ಭಾರತೀಯ ಸೇನೆ ಸಂಸ್ಥಾನವನ್ನು ಪ್ರವೇಶಿಸಿತು. ಮೇಜರ್ ಜನರಲ್ ಜೆ.ಎನ್. ಚೌಧುರಿಯವರ ಪಡೆ ಸಾಗಿದ ಸೊಲ್ಲಾಪುರ-ಹೈದರಾಬಾದ್ ಹಾದಿಯಲ್ಲೇ ಹುಮನಾಬಾದ್ ಇದೆ. 17ರಂದು ನಿಜಾಮರು ಸೋಲೊಪ್ಪಿದರು. ಚೌಧುರಿ ಸೇನಾ ರಾಜ್ಯಪಾಲರಾದರು. ಗೋರ್ಟಾದಂಥ ಹಳ್ಳಿಗಳಿಗೆ ಅದು ನಿಜಕ್ಕೂ ಬಿಡುಗಡೆ. ಆದರೆ ರಜಾಕಾರರ ಪಾಪದ ಲೆಕ್ಕವನ್ನು ರಜಾಕಾರರಲ್ಲದ ಸಾವಿರಾರು ಮುಸ್ಲಿಮರಿಂದ ವಸೂಲು ಮಾಡಿದ ದಿನಗಳೂ ಅವೇ.

ಇಲ್ಲಿ ನಾವು ಗಮನಿಸಬೇಕಾದ ಸಂಗತಿಯೊಂದಿದೆ. ಸೇನೆಯ ಆಡಳಿತ ನಡೆಯುತ್ತಿದ್ದಾಗಲೇ ಕೇಂದ್ರ ಸರಕಾರ ಬಂದೂಕಿಲ್ಲದ ಮೂವರನ್ನು ಅಲ್ಲಿಗೆ ಕಳುಹಿಸಿತು: ಪಂಡಿತ್ ಸುಂದರಲಾಲ್, ಕಾಜಿ ಅಬ್ದುಲ್ ಗಫಾರ್, ಮೌಲಾನಾ ಅಬ್ದುಲ್ಲಾ ಮಿಸ್ರಿ. ಅದು ಸೌಹಾರ್ದ ನಿಯೋಗ. ಸೈನಿಕನಿಂದಲೇ ಸೌಹಾರ್ದ ಮರಳುವಂತಿದ್ದರೆ ಆ ನಿಯೋಗದ ಅಗತ್ಯವೇನಿತ್ತು? ಹದಿನಾರರಲ್ಲಿ ಒಂಬತ್ತು ಜಿಲ್ಲೆಗಳನ್ನು ಸುತ್ತಿದ ಅವರು, ಅತಿ ಕಡಿಮೆ ಲೆಕ್ಕದಲ್ಲೂ 27 ಸಾವಿರದಿಂದ 40 ಸಾವಿರ ಜನ ಸತ್ತಿದ್ದಾರೆಂದು ಅಂದಾಜಿಸಿದರು. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಬೀದರ್, ಗುಲ್ಬರ್ಗ ಎರಡೂ ಇದ್ದವು.

ವರದಿ ಸೈನಿಕರ ಎರಡೂ ಮುಖಗಳನ್ನು ತೋರಿಸಿತು. ಮುಸ್ಲಿಮರನ್ನು ರಕ್ಷಿಸಿದ ಅಧಿಕಾರಿಗಳು, ಜವಾನರು ಇದ್ದರು. ಲೂಟಿಗೆ ಕೈಜೋಡಿಸಿದವರೂ ಇದ್ದರು. ಸಮವಸ್ತ್ರ ಒಂದೇ. ಅದರೊಳಗಿನ ಮನುಷ್ಯ ಮಾತ್ರ ಬೇರೆ. ಅದೇ ವರದಿ ಇನ್ನೊಂದು ಮಾತನ್ನೂ ದಾಖಲಿಸಿತು: ಕೆಲವೆಡೆ ಹಿಂದೂ ನೇಕಾರರು ತಮ್ಮ ಜೀವ ಕೊಟ್ಟು ಮುಸ್ಲಿಂ ನೇಕಾರರನ್ನು ಉಳಿಸಿಕೊಂಡರು. ಅವರಿಗೆ ಯಾರ ಆಜ್ಞೆಯೂ ಇರಲಿಲ್ಲ. ವರ್ಷಗಟ್ಟಲೆ ಒಂದೇ ಕಸುಬು ಮಾಡಿದ ಬಾಳಿನ ಋಣ ಮಾತ್ರ ಇತ್ತು.

ನಮ್ಮ ಪ್ರಶ್ನೆಗೆ ಉತ್ತರ ಇಲ್ಲಿದೆ. ಸೈನಿಕನು ಕೊಲೆಯನ್ನು ತಡೆಯಬಲ್ಲ. ಅದು ಸಣ್ಣ ಉಪಕಾರವಲ್ಲ. ಆದರೆ ಭಯದಿಂದ ಹುಟ್ಟುವುದು ಮೌನ, ವಿಶ್ವಾಸವಲ್ಲ. ಕಾವಲು ಹೋದ ಮರುದಿನವೂ ಬಾಗಿಲು ತೆರೆದಿಡುವ ಧೈರ್ಯವೇ ವಿಶ್ವಾಸ. ಅದನ್ನು ನೆರೆಯವನೊಬ್ಬನೇ ಕೊಡಬಲ್ಲ.

ನೆರೆಯವನು ಅದನ್ನು ಕೊಡಬೇಕಾದರೆ ಸತ್ಯವನ್ನು ಒಪ್ಪಿಕೊಳ್ಳಬೇಕು. ನಮ್ಮಲ್ಲಿ ತಪ್ಪಿದ್ದು ಅಲ್ಲೇ. ಸರಕಾರ ಸುಂದರಲಾಲ್ ವರದಿಯನ್ನು ದಶಕಗಳ ಕಾಲ ಪ್ರಕಟಿಸಲಿಲ್ಲ. 2013ರಲ್ಲಿ ಎ.ಜಿ. ನೂರಾನಿಯವರ ಪುಸ್ತಕದ ಮೂಲಕ ಅದು ಹೆಚ್ಚಿನ ಓದುಗರ ಕೈಸೇರಿತು. ಗೋರ್ಟಾದಲ್ಲಿ 2023ರಲ್ಲಿ ಸ್ಮಾರಕ ಉದ್ಘಾಟನೆಯಾಯಿತು. ಸತ್ತವರನ್ನು ನೆನೆಯುವುದು ಸರಿಯೇ. ಆದರೆ ಒಂದು ಸಮುದಾಯದ ದುಃಖ ಭಾಷಣವಾಗಿ, ಇನ್ನೊಂದರ ದುಃಖ ಪಿಸುಮಾತಾಗಿ ಉಳಿದರೆ ಎರಡೂ ವಿಷವಾಗುತ್ತವೆ.

ಹಳೆಯ ಗಾಯವನ್ನೇಕೆ ಕೆದಕಬೇಕೆಂದು ಕೆಲವರು ಕೇಳುತ್ತಾರೆ. ಕೆದಕುವುದು ಬೇರೆ, ತೊಳೆಯುವುದು ಬೇರೆ. ಸೇಡಿಗಾಗಿ ನೆನೆಯುವವನು ತನ್ನವರ ಹೆಣಗಳನ್ನಷ್ಟೇ ಎಣಿಸುತ್ತಾನೆ. ನ್ಯಾಯಕ್ಕಾಗಿ ನೆನೆಯುವವನು ಎಲ್ಲರ ಹೆಣಗಳನ್ನೂ ಎಣಿಸುತ್ತಾನೆ. ಒಂದು ಜನಾಂಗದ ಮೇಲಿನ ಹಗೆ ನಮ್ಮನ್ನು ನ್ಯಾಯದಿಂದ ಸರಿಸಬಾರದೆಂಬುದು ಪವಿತ್ರ ಕುರ್‌ಆನಿನ ಆದೇಶ. ಮುನಿದವರನ್ನು ಕೂಡಿಸುವುದನ್ನು ಪ್ರವಾದಿವರ್ಯರು(ಸ) ಬಹು ದೊಡ್ಡ ಪುಣ್ಯಕಾರ್ಯವೆಂದರು.

ಈ ನೆಲಕ್ಕೆ ಅದು ಹೊಸ ಪಾಠವೇನಲ್ಲ. ಕಲ್ಯಾಣದಲ್ಲಿ ಶರಣರು ಅನುಭವ ಮಂಟಪದಲ್ಲಿ ಜಾತಿ ಮರೆತು ಕುಳಿತರು. ಹುಮನಾಬಾದ್ ಪಕ್ಕದ ಮಾಣಿಕನಗರದಲ್ಲಿ ಮಾಣಿಕ ಪ್ರಭುಗಳು ಸಕಲಮತವನ್ನು ಸಾರಿದರು. ಅವರ ಭಕ್ತರಲ್ಲಿ ಮುಸ್ಲಿಮರೂ ಇದ್ದರು. ಗೋರ್ಟಾದ ಸತ್ತವರಿಗಾಗಿ ಮಸೀದಿಯಲ್ಲೂ, ಸೆಪ್ಟೆಂಬರಿನ ಸತ್ತವರಿಗಾಗಿ ಮಠದಲ್ಲೂ ಕೈಗಳೆದ್ದರೆ 1948ರಲ್ಲಿ ಸೈನಿಕನಿಂದ ಆಗದೆ ಉಳಿದ ಕೆಲಸ ಮುಂದುವರಿಯುತ್ತದೆ. ಅದಕ್ಕೆ ಸರಕಾರದ ಅಪ್ಪಣೆ ಬೇಕಿಲ್ಲ. ಮೊದಲು ಏಳುವ ಕೈ ನಮ್ಮದೇ ಆಗಲಿ.